ಎರಡನೇ ಆಟ, ಉಪ್ಪಳ

ಮದರಾಸಿನಲ್ಲಿ ಒಂಬತ್ತು ದಿನ ನುಡಿಸಿದ್ದು
ಬೇಡವಾಯಿತೆಂದು ತಂತಿ ಬಂದಾಗ
ವಾಮನ ಮಾಸ್ಟ್ರು ಜಗಲಿಯಲ್ಲಿ ಕೂತು
ಬಂಗುಡೆಗೆ ಚೌಕಾಸಿ ಮಾಡುತ್ತಿದ್ದರು.
ಚೌಕಾಸಿ ಮುಗಿಸಿಯೇ ಓದಿದರು.

ಇದು ಮೂರನೆಯದು.
ಮೊದಲನೆಯದಕ್ಕೆ ತೂಕ ಹೆಚ್ಚು ಅಂದಿದ್ದರು,
ಎರಡನೆಯದಕ್ಕೆ ತೂಕ ಸಾಲದು.
ಈ ಸಲ ಕಾರಣವೇ ಇಲ್ಲ;
ತಂತಿಯಲ್ಲಿ ಪದಕ್ಕಿಷ್ಟು ಕಾಸು.

ನನಗೇನು, ಸಂಬಳ ಸಿಕ್ಕಿತ್ತು.
ಬೇಳದ ಇಗರ್ಜಿ ಬ್ಯಾಂಡಿನ ಕ್ಲಾರಿನೆಟ್ಟಿನವನು ನಾನು,
ಹೆಣದ ಮುಂದೆಯೂ ಮದುಮಗನ ಮುಂದೆಯೂ
ಅದೇ ಉಸಿರು.

ಉಪ್ಪಳದ ಟಾಕೀಸಿಗೆ ಚಿತ್ರ ಬಂದಾಗ
"ಬಾ ಲಾದ್ರೂ, ನೋಡುವ" ಎಂದರು.
ಬೆಂಚಿನ ಟಿಕೇಟು.
ತೆರೆಯ ಮೇಲೆ ನಮ್ಮ ದೋಣಿ,
ನಮ್ಮದಲ್ಲದ ಪಿಟೀಲು.
ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ.

ವಿಧವೆ ಹೊಳೆ ದಾಟುವಲ್ಲಿ
ಫಟ್ಟೆಂದು ಸದ್ದಿನ ಪೆಟ್ಟಿಗೆ ಸತ್ತಿತು.
ಚಿತ್ರ ಮಾತ್ರ ಓಡುತ್ತಿತ್ತು.
ತುಳುವಿನಲ್ಲಿ, ಮಲಯಾಳದಲ್ಲಿ, ಬ್ಯಾರಿಯಲ್ಲಿ, ಕನ್ನಡದಲ್ಲಿ
ಒಂದೇ ಬೈಗುಳ.

ಆ ಗಲಾಟೆಯೊಳಗೆ ನನ್ನ ತೊಡೆಯ ಮೇಲೆ,
ತನ್ನದೆಂದೇ ತಿಳಿದು,
ಮಾಸ್ಟ್ರ ಬೆರಳು ಏಳೇಳರ ಲೆಕ್ಕ ಹಿಡಿಯಿತು.
ಹುಟ್ಟು ನೀರಿಗೆ ಬಿದ್ದಲ್ಲಿ ತಟ್ಟು,
ಎತ್ತಿದಲ್ಲಿ ಬಿಡುವು.
ದೋಣಿಯವನು ಕೂಡ
ಅವರ ಮಾತು ಕೇಳುವ ಹಾಗೆ ಹುಟ್ಟು ಹಾಕುತ್ತಿದ್ದ.
ಹದಿನಾರನೇ ಆವರ್ತಕ್ಕೆ ನಾನು ಸೇರಬೇಕಿತ್ತು.
ತುಟಿ ಒದ್ದೆ ಮಾಡಿಕೊಂಡೆ.

ಸದ್ದು ಬಂತು.
ಜನ ಶಿಳ್ಳೆ ಹೊಡೆದರು.
ಬೆರಳು ಹಿಂತೆಗೆದು ಬೀಡಿ ಹುಡುಕುತ್ತಾ
"ಅರೆ ಅಕ್ಷರ ತಡವಾಯ್ತು ನಿನ್ನದು" ಎಂದರು ಮಾಸ್ಟ್ರು.