ಬೆಲೈನೇಶಳ ಲೆಕ್ಕ

ಕೂತ್ಕೋ ಹಿರುಯ್, ಆ ತಕ್ಕಡಿ ಅತ್ತ ಸರಿಸು,
ಲೋಟ ಇಡಲು ಜಾಗ ಬೇಕು.
ಅರಾತ್ ಕಿಲೋದ ಕಾಲೇಜಿನವರು ನೀವು
ಹಣ್ಣನ್ನು ಮೊದಲು ತೂಗುತ್ತೀರಿ.
ನಾವು ಮೂಸುತ್ತೇವೆ.

ಕೆಳಗೆ ಬೆಣ್ಣೆಹಣ್ಣು. ನಡುವೆ ಮಾವು, ಅರ್ಬಾ ಮಿಂಚಿನದು,
ರಾತ್ರಿಯಿಡೀ ಲಾರಿಯಲ್ಲಿ ಕುಲುಕಿ ಬಂದದ್ದು,
ಅದಕ್ಕೇ ಒಂದು ಕೆನ್ನೆ ಮೆತ್ತಗೆ.
ಮೇಲೆ ಸೀಬೆ, ನಸುಗೆಂಪು.
ಒಂದೊಂದನ್ನೂ ಬೇರೆ ಬೇರೆ ರುಬ್ಬಿ
ಚಮಚದ ಬೆನ್ನ ಮೇಲಿಂದ ಇಳಿಬಿಡಬೇಕು,
ನಿದ್ದೆಹೋದ ಮಗುವಿಗೆ ಹೊದಿಸಿದ ಹಾಗೆ.
ಸ್ಪ್ರಿಸ್ ಅಂದರೆ ಇದು. ಕುಡಿಯುವುದಲ್ಲ, ಅಗೆದು ತಿನ್ನುವುದು.
ಕಲಸಿದೆಯೋ, ಹೋಯಿತು;
ಕೆಸರಿನ ಬಣ್ಣಕ್ಕೆ ದುಡ್ಡು ಕೊಡುವವರು ಯಾರು?

ನೀನು ಹೇಳಿದ್ದನ್ನು ಕರೆಂಟ್ ಬಿಲ್ಲಿನ ಹಿಂದೆ ಬರೆದಿಟ್ಟಿದ್ದೇನೆ:
ಮಾವಿನ ಹಳದಿ ಒಂಟಿಯಾಗಿ ರಕ್ತಕ್ಕೆ ಸರಿಯಾಗಿ ಇಳಿಯದಂತೆ,
ಕೈಹಿಡಿದು ಒಳಗೆ ಕರೆಯಲು ಜಿಡ್ಡು ಬೇಕಂತೆ.
ನನಗೆ ನಗು ಬಂತು.
ಲೋಟದಲ್ಲಿ ಮೈಗೆ ಮೈ ಸೋಕದಂತೆ ಕೂತವರು
ಹೊಟ್ಟೆಯ ಕತ್ತಲಲ್ಲಿ ನೆಂಟಸ್ತನ ಬೆಳೆಸುತ್ತಾರೆ ಅನ್ನು.

ಐವತ್ತೈದು ದಿನದ ಉಪವಾಸ ಈಗ.
ಹಾಲಿಲ್ಲ, ಮೊಟ್ಟೆಯಿಲ್ಲ, ಬೆಣ್ಣೆಯಿಲ್ಲ.
ಬೆಣ್ಣೆ ಬಿಟ್ಟವರೆಲ್ಲ ಬೆಣ್ಣೆಹಣ್ಣಿಗೆ ಬರುತ್ತಾರೆ,
ಮೂರು ಗಂಟೆಗೆ ಸಾಲು ಔಷಧಿ ಅಂಗಡಿಯವರೆಗೆ.
ಪಾದ್ರಿ ಕೂಡ. ಅವರದು ದೊಡ್ಡ ಲೋಟ.

ಸಕ್ಕರೆಯ ಕಾಲಂ ತೆರೆದೆಯಾ? ಬರೆ:
ಝೆಗೆಯೆ ಅಜ್ಜನಿಗೆ ಈ ಲೋಟ ಕೊಡುವುದಿಲ್ಲ.
ನಲವತ್ತು ವರ್ಷ ನೀಲಿ ಟ್ಯಾಕ್ಸಿಯ ಬ್ರೇಕ್ ಒತ್ತಿದ ಕಾಲು,
ಈಗ ಹೆಬ್ಬೆರಳಿಲ್ಲ.
ಬಯ್ಯುತ್ತಾನೆ, ಹಣ್ಣು ತಾನೇ, ದೇವರು ಮಾಡಿದ್ದು ತಾನೇ ಅಂತ.
ಹೌದಪ್ಪ, ದೇವರು ಒಂದು ಮಾವು ಮಾಡಿದ,
ಮೂರು ಮಾವನ್ನು ಒಂದು ಲೋಟಕ್ಕೆ ಇಳಿಸಿದ್ದು ನಾನು.
ಅವನಿಗೆ ಒಂದೇ ಒಂದು ಸೀಬೆ, ಇಡಿಯಾಗಿ.
ಬೀಜ ಕಟುಕಟು ಎನ್ನಿಸುತ್ತ ಅರ್ಧ ಗಂಟೆ ಅಗಿಯುತ್ತಾನೆ,
ಜೊತೆಗೆ ನನ್ನನ್ನೂ.

ನಾರು ಹೋಗುತ್ತದೆ, ಸೋಸಬೇಡಿ ಅಂದೆ.
ಯಾರಿಗೂ ಸೋಸುವುದಿಲ್ಲ, ಶಿಬೆಶಿಗೆ ಬಿಟ್ಟು.
ಮೂರನೇ ಮಹಡಿಯ ಸಾರುವೆಯಿಂದ ಬಿದ್ದ ಹುಡುಗ,
ದವಡೆಗೆ ತಂತಿ. ಹಲ್ಲಿನ ಸಂದಿಯಲ್ಲಿ
ಒಂದು ಸ್ಟ್ರಾ ಹಿಡಿಸುವಷ್ಟು ಲೋಕ.
ಅವನ ಪಾಲಿನ ನಾರು ನನ್ನ ಜರಡಿಯಲ್ಲಿ ಉಳಿಯುತ್ತದೆ.
ಹುಡುಗನೂ ಉಳಿಯಬೇಕಲ್ಲ.

ಅಗೋ, ಕರೆಂಟ್ ಹೋಯಿತು.
ಜಾರಿನಲ್ಲಿ ಅರ್ಧ ಸೀಬೆ, ಅರ್ಧ ಸದ್ದು.
ಗಾಳಿ ತಾಗಿದಷ್ಟೂ ಸತ್ವ ಸೋರುತ್ತದೆ ಅಂದೆಯಲ್ಲ,
ಗಡಿಯಾರ ನೋಡಿಕೋ. ನಾನು ನಿಂಬೆ ಹಿಂಡುತ್ತೇನೆ.

ಅಷ್ಟರಲ್ಲಿ ಒಂದು ಹೇಳಲೇ?
ವೊಲ್ಲೋದಿಂದ ಇಲ್ಲಿಗೆ ಬಂದಾಗ ನನಗೆ ಹದಿಮೂರು.
ಅಂಗಡಿ ಬೇರೆಯವರದು, ತೊಳೆಯುವ ಕೆಲಸ ನನ್ನದು,
ಹಣ್ಣು ಮುಟ್ಟಿದರೆ ಸಂಬಳಕ್ಕೆ ಕತ್ತರಿ.
ಆದರೆ ಜಾರಿನ ತಳದಲ್ಲಿ, ಬ್ಲೇಡಿನ ಅಡಿಯಲ್ಲಿ
ಒಂದಿಷ್ಟು ಅಂಟಿಕೊಂಡೇ ಇರುತ್ತದೆ, ಎಂಥ ಜಿಪುಣನಿಗೂ ಬರುವುದಿಲ್ಲ.
ಮೊದಲ ನೀರು ಹಾಕಿ, ಅಲ್ಲಾಡಿಸಿ,
ಬೆನ್ನು ತಿರುಗಿಸಿ ಕುಡಿಯುತ್ತಿದ್ದೆ.
ಬೆಳಿಗ್ಗೆ ಹಸಿರು ನೀರು, ಮಧ್ಯಾಹ್ನ ಹಳದಿ ನೀರು,
ರಾತ್ರಿ ಯಾವ ಬಣ್ಣವೂ ಅಲ್ಲದ್ದು.
ಎರಡು ವರ್ಷದಲ್ಲಿ ಒಂದು ಗೇಣು ಬೆಳೆದೆ.
ನಿನ್ನ ಪುಸ್ತಕದಲ್ಲಿ ಅದಕ್ಕೆ ಕಾಲಂ ಇದೆಯಾ,
ಇಲ್ಲ ಗೆರೆ ಎಳೆಯಬೇಕಾ?

ಬಂತು ಕರೆಂಟ್.
ಕಿವಿ ಮುಚ್ಚಿಕೋ.