ನಲವತ್ತೊಂದು ಮಿಲಿಮೀಟರ್

ಕಂಪನಿಯಿಂದ ಬಂದ ಕಾಗದ ಎರಡೇ ಸಾಲು:
ಈ ಮಾದರಿ ನಿಲ್ಲಿಸಿದ್ದೇವೆ.
ಬಿಡಿಭಾಗ ಇನ್ನು ಸಿಗುವುದಿಲ್ಲ.
ಕೆಳಗೆ ಸಹಿ ಇಲ್ಲ,
ಸಹಿಯ ಅಗತ್ಯವಿಲ್ಲ ಎಂಬ ಮಾತು ಮಾತ್ರ ಇದೆ.

ಎಣಿಸಿದೆ. ಹದಿನೇಳು.
ಅಕ್ಕಲಕೋಟೆಯ ಆಚೆ, ಕಬ್ಬಿನ ಗಾಡಿಗಳ ಹಾದಿ ಮುಗಿಯುವಲ್ಲಿ
ನಮ್ಮ ಸಕ್ಕರೆ ಕಾರ್ಖಾನೆ; ಅದರೊಳಗೆ
ಎರಡು ಸಣ್ಣ ಪೈಪುಗಳ ನಡುವೆ ಕೂತು
ಈ ಕಡೆ ಎಷ್ಟು ಒತ್ತಡ, ಆ ಕಡೆ ಎಷ್ಟು,
ಕಳೆದರೆ ಉಳಿಯುವುದೆಷ್ಟು ಎಂದು
ಮೂವತ್ತು ವರ್ಷ ಒಂದೇ ಲೆಕ್ಕ ಮಾಡಿದ ಡಬ್ಬಿಗಳು.
"ಅತ್ತಿ ಸೊಸಿ ನಡುವಿನ ಗಂಡಸು" ಎನ್ನುತ್ತಿದ್ದ ಇಲಾಹಿ ನದಾಫ್,
"ಇಬ್ರದೂ ಕೇಳಬೇಕು, ಸಾಹೇಬ್ರಿಗೆ ಫರಕು ಅಷ್ಟ ಹೇಳಬೇಕು."

ಸೊಲ್ಲಾಪುರದ ಗುಜರಿಯಲ್ಲಿ, ಮುಚ್ಚಿದ ಗಿರಣಿಗಳ ರಾಶಿಯಲ್ಲಿ
ಅವನು ಇವುಗಳ ಅಣ್ಣತಮ್ಮಂದಿರನ್ನು ಹುಡುಕುತ್ತಿದ್ದ.
ಕಿಲೋ ಲೆಕ್ಕದಲ್ಲಿ ತಂದು
ಒಂದರ ಬೋರ್ಡು ಇನ್ನೊಂದಕ್ಕೆ,
ಇನ್ನೊಂದರ ಮುಚ್ಚಳ ಮೊದಲಿನದಕ್ಕೆ.
ಕೊನೆಗೆ ಯಾವ ನಂಬರು ಯಾರ ಮೈಮೇಲಿದೆ ಎಂದು
ದಾಸ್ತಾನು ಪುಸ್ತಕಕ್ಕೂ ತಿಳಿಯದಾಯಿತು.

ಮೀಟಿಂಗಿನಲ್ಲಿ ಘೋರ್ಪಡೆ ಸಾಹೇಬರು:
ಎಲ್ಲ ಒಮ್ಮೆಲೇ ಬದಲಿಸಲು ದುಡ್ಡೆಲ್ಲಿದೆ?
ನಾನು: ಸರಿ, ಮೊದಲು ಡ್ರಮ್ಮಿನ ನೀರಿನ ಮಟ್ಟ
(ಅದು ಸತ್ತರೆ ಜೊತೆಗೆ ನಾವೂ),
ಆಮೇಲೆ ಉಗಿ, ಆಮೇಲೆ ರಸ,
ಕೊನೆಗೆ ಯಾರೂ ತಲೆ ಎತ್ತಿ ನೋಡದ ಫಿಲ್ಟರು.
ತೆಗೆದ ಹಳೆಯದು ಉಳಿದವಕ್ಕೆ ಸ್ಪೇರು.
ಹೂಂ ಎಂದರು. ಚಹಾ ಬಂತು.

ಬೇಸಿಗೆಯಲ್ಲಿ ಹೊಸದು ಕೂರಿಸಿದೆ.
ಪರದೆ ಬಂದಿದೆ, ಗುಂಡಿಗಳು ಬಂದಿವೆ,
ಬೋಲ್ಟಿನ ಕಿಂಡಿಗಳ ನಡುವಿನ ದೂರ ಮಾತ್ರ ಐವತ್ನಾಲ್ಕೇ,
ಯಾವ ಕಂಪನಿ ಯಾವುದನ್ನು ನುಂಗಿದರೂ.

ದಸರೆ ಕಳೆದು ಅಗ್ನಿಪ್ರದೀಪನ.
ತೆಂಗಿನಕಾಯಿ ಒಡೆದರು, ಬಗಾಸೆಗೆ ಕಿಡಿ ಹತ್ತಿತು,
ಒತ್ತಡ ಏರಿತು. ಮೇಲಿಂದ ಕೂಗಿದ ದುಂಡಪ್ಪ:
"ಬಾಯಾರ, ನಿಮ್ಮ ಹೊಸಾ ಡಬ್ಬಿ ಸುಳ್ಳ ಹೇಳ್ಲಿಕತ್ತದ!
ಗಾಜಿನ್ಯಾಗ ನೀರು ಇಲ್ಲೀತನಾ ಅದ,
ಅದು ಎರಡ ಬೆರಳ ಕೆಳಗ ತೋರಸ್ತದ."

ವಾಪಸ್ ಕಳಿಸಿ, ಎಂದರು ಘೋರ್ಪಡೆ.
ಎರಡೂ ಬದಿ ಮುಚ್ಚಿ ನಡುವಿನ ವಾಲ್ವು ತೆರೆದೆ.
ಸೊನ್ನೆ ಎಂದರೆ ಸೊನ್ನೆ. ಕೂದಲಷ್ಟೂ ಕದಲಲಿಲ್ಲ.
ಮತ್ತೆ ತೆರೆದೆ: ಎರಡು ಬೆರಳು ಕೆಳಗೆ.

ಇಲಾಹಿಗೆ ಫೋನು ಮಾಡಿದೆ, ನಾಗಣಸೂರಿಗೆ.
ಟರ್ಬೈನಿನ ಪಕ್ಕ ಸವೆದ ಕಿವಿ.
"ಪಾಟ್, ಪಾಟ್! ಎರಡನೇ ಬಾಯ್ಲರಿನ ಪಾಟ್!"
"ಊಟಾ? ಆತವ್ವಾ, ಈಗಷ್ಟ ಆತು."

ಸ್ಟೋರಿನಲ್ಲಿ ಹಳೆಯದು ಕೆಂಪು ಚೀಟಿ ಕಟ್ಟಿಕೊಂಡು
ಅಡ್ಡ ಬಿದ್ದಿತ್ತು. ಯಾಕೋ ಮುಚ್ಚಳ ತಿರುಗಿಸಿದೆ.
ಒಳಗೆ ಮಡಿಸಿದ ಎಸ್‌ಟಿ ಟಿಕೀಟು,
ಮುಂದೆ ಮರಾಠಿ ಅಚ್ಚು, ಹಿಂದೆ ಪೆನ್ಸಿಲಿನ ಕನ್ನಡ:
ಪಾಟ್ ೪೧ ಮಿ.ಮೀ. ಮೇಲೆ ಬೆಸೆದರು.
ಸೊನ್ನೆ ತಿರುಗಿಸಿ ಸರಿ ಮಾಡಿದೆ.
ಡ್ರಾಯಿಂಗ್ ತಿದ್ದಲು ಹೇಳಿದ್ದೇನೆ. ಇ.ನ.

ಡ್ರಾಯಿಂಗ್ ಯಾರೂ ತಿದ್ದಿರಲಿಲ್ಲ.
ಹನ್ನೆರಡು ಹಂಗಾಮು ಆ ಹಳೆಯ ಡಬ್ಬಿ
ಕಾಗದದ ತಪ್ಪನ್ನು ಒಬ್ಬನೇ ಹೊತ್ತು
ಸರಿಯಾದ ನೀರನ್ನು ತೋರಿಸಿತ್ತು.
ಕಾಗದ ನಂಬಿದ್ದು ಹೊಸದು. ಕೊಟ್ಟವಳು ನಾನು.

ನಲವತ್ತೊಂದು ಸೇರಿಸಿದೆ. ಗಾಜೂ ಪರದೆಯೂ ಕೂಡಿದವು.
ದುಂಡಪ್ಪ ಏನೂ ಹೇಳಲಿಲ್ಲ, ತಂಬಾಕು ತಿಕ್ಕಿದ.
ಹೊಸದರಲ್ಲಿ ಟಿಪ್ಪಣಿಗೆ ಮೂವತ್ತೆರಡು ಅಕ್ಷರ ಜಾಗ,
ಅದೂ ಇಂಗ್ಲಿಷಿನವು. ಇಲಾಹಿಯ ಮೂರು ಸಾಲು ಹಿಡಿಸವು.
ಡ್ರಾಯಿಂಗ್ ತಿದ್ದಿ, ತಾರೀಖು ಹಾಕಿ, ಸಹಿ ಮಾಡಿದೆ,
ಅಗತ್ಯವಿದೆ ಎಂದು.

ಈಗ ಉಳಿದವನ್ನು ಕಳಚುವ ಮೊದಲೇ
ಮುಚ್ಚಳ ಬಿಚ್ಚಿ ನೋಡುತ್ತೇನೆ.
ಎರಡನೆಯದರಲ್ಲಿ ಏನೂ ಇರಲಿಲ್ಲ.
ಮೂರನೆಯದರಲ್ಲಿ ಕಣಜದ ಹುಳ ಕಟ್ಟಿದ ಮಣ್ಣಿನ ಗೂಡು, ಒಣಗಿದ್ದು.
ನಾಲ್ಕನೆಯದಕ್ಕೆ ನಾಳೆ ಏಣಿ ಬೇಕು.