ಎಡಗೈ: ಹೌದು

ಮಲ್ಪೆ, ಐಸ್ ಪ್ಲಾಂಟಿನ ಲೆಕ್ಕದ ಮೇಜು.
ಸೇರಿ ಮೂರನೇ ರಾತ್ರಿ. ಮೌಸು ಒತ್ತಿದರೆ ಉಲ್ಟಾ,
ಅಕ್ಷರ ಒಂದೊಂದೂ ಬಂಗುಡೆ ಗಾತ್ರ.
ಮೆನುವಿನಲ್ಲಿ ತಡಕಿ ಸೋತು
ಕಪ್ಪು ಕಿಟಕಿ ತೆರೆದು ಟೈಪಿಸಿದೆ:
ಬದಲಾದದ್ದಷ್ಟೇ ಹೇಳು.

ಹೇಳಿತು.
ಎಡಗೈ: ಹೌದು.
ಅಕ್ಷರ: ಒಂದೂವರೆ ಪಟ್ಟು.
ಸದ್ದು: ಬೇಡ.
ಪರದೆಗೆ ಹಳದಿ: ರಾತ್ರಿ ಎರಡರಿಂದ ಬೆಳಗಿನ ಏಳರವರೆಗೆ.
ಗಡಿಯಾರದಲ್ಲಿ ಸೆಕೆಂಡು: ಬೇಕು.

ವಾರಿಜಾ ಕುಂದರ್. ನಾನು ಕಂಡವನಲ್ಲ,
ರಿಜಿಸ್ಟರಿನಲ್ಲಿ ಎಡಕ್ಕೆ ವಾಲಿದ ಸಹಿ ಮಾತ್ರ.
ಕ್ರಶರಿನ ಆರ್ಭಟದಲ್ಲಿ
ಕಂಪ್ಯೂಟರಿನ ಟಿಣ್ ಯಾರಿಗೆ ಬೇಕು, ಅರ್ಥವಾಯಿತು.
ಸೆಕೆಂಡು ಯಾಕೆ?
ಶೇಸಣ್ಣ ಬೀಡಿ ಕಿವಿಗೇರಿಸಿ ನಕ್ಕ:
"ಐಸು ಕಾಯ್ತದಾ ಮಾರಾಯ?"

ರಿಸೆಟ್ ಎಂದು ಬರೆದೆ. ಒಂದೇ ಸಾಲು.
ಎಂಟರ್ ಒತ್ತಿದರೆ ಎಲ್ಲ ಮೊದಲಿನ ಹಾಗೆ,
ಮೊದಲು ಅಂದರೆ
ಯಾರೂ ಕೂತಿರದ ಕುರ್ಚಿ.

ಸಾಲು ಅಳಿಸಿದೆ.
ಎಡಗೈಗೆ ಮಾತ್ರ ಅಲ್ಲ ಎಂದೆ, ಎರಡು ಸಲ ಯೋಚಿಸಿ.
ಅಕ್ಷರ ಇರಲಿ ಹಾಗೇ,
ನನಗೂ ನಲವತ್ತಾರು.

ಮೂರು ಹದಿನಾಲ್ಕು. ಒಂಬತ್ತು, ಹತ್ತು, ಹನ್ನೊಂದು.
ಹಳದಿ ಪರದೆಯಾಚೆ ದಕ್ಕೆಯಲ್ಲಿ
ಯಾರೋ ನಲವತ್ತು ಬ್ಲಾಕ್ ಎಂದು ಕೂಗಿದರು,
ಬಲಗೈಯಲ್ಲಿ ಬರೆದುಕೊಂಡೆ.